ಹಗ್ಗದ ತುದಿ

ಮೂವತ್ತೊಂದು ಬೇಸಿಗೆ
ಇದ್ವಾಲ್ ಮೇಲೆ ನಿಂತು ಹಗ್ಗ ಬಿಡುತ್ತಿದ್ದ.
ಹುಲ್ಲು ಕತ್ತರಿಸುವ ಯಂತ್ರ
ದರೆಯುದ್ದಕ್ಕೂ ಕೊಸರಾಡುತ್ತ ಇಳಿಯುತ್ತಿತ್ತು
ಸಂತೆಗೆ ಒಲ್ಲದ ಹೋರಿಗರುವಿನ ಹಾಗೆ.
ಕೆಳಗೆ, ಸ್ಲೇಟುಗಲ್ಲಿನ ಗೋಡೆಗೆ ಒರಗಿ, ನಾನು:
"ಸಾಕು! ಎಳಿ! ಇನ್ನೊಂದು ಮೊಳ ಎಡಕ್ಕೆ!"
ಬೀದಿಗೆಲ್ಲ ಗೊತ್ತು ನಮ್ಮ ಶನಿವಾರ.

ಹೋದ ಮಾರ್ಚಿನಲ್ಲಿ ಅವನ ಮಂಡಿ ರಾಜೀನಾಮೆ ಕೊಟ್ಟಿತು.
ಬ್ಯಾಂಗರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಇಳಿಜಾರು ಬೇಡ ಅಂದರು,
ಈ ಊರಲ್ಲಿ ಇಳಿಜಾರಲ್ಲದ್ದು
ಚಾಪೆಲ್ಲಿನ ನೆಲ ಒಂದೇ ಎಂದು ತಿಳಿಯದವರಂತೆ.

ಜೂನಿಗೆ ಹುಲ್ಲು ಸೊಂಟ ಮುಟ್ಟಿತು.
ಪಕ್ಕದ ಮನೆಯ ಗ್ವೆನ್ನೊ ಬೇಲಿಯಾಚೆಯಿಂದ
ಎರಡು ಸಲ ಕೆಮ್ಮಿದಳು.
ಆಗ ಶುರುವಾಯಿತು ಅಡುಗೆಮನೆಯ ಮೇಜಿನ ಮೇಲೆ
ಗ್ಯಾಸ್ ಬಿಲ್ಲಿನ ಲಕೋಟೆಯ ಬೆನ್ನಿಗೆ, ಪಟ್ಟಿ.
ಯಾರನ್ನು ಕರೆಯುವುದು, ಯಾರನ್ನು ಬಿಡುವುದು—
ಮಗಳ ಮದುವೆಗೂ ಇಷ್ಟು ಜಗಳವಾಡಿರಲಿಲ್ಲ.

ಲ್ಯಾವೆಂಡರ್ ಅಂದ ಅವನು.
ಬೇಡ, ಒದ್ದೆ ಕಾಲು ಅದಕ್ಕಾಗದು.
ಇಲ್ಲಿ ವರ್ಷಕ್ಕೆ ಒಂದೇ ಮಳೆ:
ಸೆಪ್ಟೆಂಬರಿಗೆ ಹಿಡಿದರೆ ಆಗಸ್ಟಿಗೆ ಬಿಡುವಂಥದ್ದು.
ರೋಸ್‌ಮೇರಿ ಅಂದೆ ನಾನು.
ಅವನು ಮಾತಿಲ್ಲದೆ ಹಿತ್ತಿಲ ಬಾಗಿಲ ಕಡೆ ನೋಡಿದ.
ಕುಂಡದಲ್ಲಿ ಇನ್ನೂ ನಿಂತಿತ್ತು ನನ್ನ ಹಳೆಯ ರೋಸ್‌ಮೇರಿ,
ಎರಡು ಚಳಿಗಾಲದ ಹಿಂದೆಯೇ ಸತ್ತದ್ದು,
ಕೀಳಲು ಮನಸ್ಸಾಗದ್ದು.

ಇಂಥ ಜಾಗಕ್ಕೆ ಹೂವಿಗಿಂತ ಹಲ್ಲು ಮುಖ್ಯ.
ಕಚ್ಚಿ ಹಿಡಿಯುವವರು ಬೇಕು,
ಕುರಿ ನುಗ್ಗಿ ಮೇದರೂ ಮತ್ತೆ ಚಿಗುರುವವರು,
ಸಮುದ್ರದ ಗಾಳಿಗೆ ಮಲಗಿ
ಅದು ದಾಟಿದ ಮೇಲೆ ಏನೂ ಆಗದವರಂತೆ ಏಳುವವರು.
ನೆತ್ತಿಯಲ್ಲಿ, ಕಲ್ಲುಚೂರೇ ಮಣ್ಣಾದಲ್ಲಿ, ಥೈಮ್.
ನಡುವೆ ಕಾಡುಮರುಗ; ಬೆರಳಲ್ಲಿ ತಿಕ್ಕಿದರೆ
ಭಾನುವಾರ ಮಧ್ಯಾಹ್ನದ ಅಡುಗೆಮನೆ.
ಕೆಳಗೆ ನೀರು ಜಿನುಗುವಲ್ಲಿ ಪುದೀನ,
ಅದಕ್ಕೆ ಲಗಾಮಿಲ್ಲ, ಗೋಡೆಯೇ ಲಗಾಮು.
ಕೌಸ್ಲಿಪ್ ಒಂದು ಡಜನ್.
ನ್ಯಾಪ್‌ವೀಡ್, ತಲೆ ಬಾಚದ ನೇರಳೆ ಹುಡುಗ,
ಚೆಲುವನಲ್ಲ, ಆದರೆ ದುಂಬಿಗಳು ಸರದಿ ನಿಲ್ಲುತ್ತವೆ.
ಗೊಬ್ಬರ ಹಿಡಿಯಷ್ಟೂ ಬೇಡ:
ಉಂಡು ಕೊಬ್ಬಿದ ಮಣ್ಣು ಹುಲ್ಲಿನ ಪಕ್ಷ.

ಹುಲ್ಲಿನ ಸೊಕ್ಕು ಮುರಿಯಲು ಗಿಲಕಿ ಹೂವು.
ಹಳದಿ, ಕಿರಿದು, ಕಳ್ಳ;
ನೆಲದೊಳಗೆ ಹುಲ್ಲಿನ ಬೇರಿಗೆ ಬಾಯಿಟ್ಟು ಕುಡಿಯುತ್ತದೆ.
ಅಕ್ಟೋಬರಿನಲ್ಲೇ ಕೆರೆದ ಮಣ್ಣಿಗೆ ಎರಚಿದೆವು,
ಹಿಮ ಬಡಿಯದೆ ಆ ಬೀಜ ಕಣ್ಣು ಬಿಡುವುದಿಲ್ಲ.
ಉಳಿದ ಒಂದು ಒಣಕಾಯಿಯನ್ನು ಇದ್ವಾಲ್
ಕಿವಿಯ ಬಳಿ ಅಲ್ಲಾಡಿಸಿದ,
ಯಂತ್ರ ಹಾಕದ ಕಿವಿ. "ಕೇಳಿಸ್ತು" ಅಂದ.
ಕೇಳಿಸಿರಲಾರದು.
ನಾನೂ ಕೇಳಿಸಿಕೊಂಡೆ.

ಆಮೇಲೆ ಯಾರೋ.
ಹೌದು, ಗಿಡದ ಹೆಸರೇ ಅದು, ಯಾರೋ.
ಪಟ್ಟಿಯಲ್ಲಿರಲಿಲ್ಲ, ಅಂಚೆಯಲ್ಲಿ ಬಂದದ್ದಲ್ಲ.
ಫೆಬ್ರವರಿಯಲ್ಲಿ ನೋಡಿದರೆ ಸತ್ತ ಹುಲ್ಲಿನ ನಡುವೆ
ಗರಿಯಂಥ ಎಲೆ ಬಿಚ್ಚಿ ಕೂತಿತ್ತು.
ಇದನ್ಯಾರು ನೆಟ್ಟರೆಂದು ಕೇಳಿದಳು ಗ್ವೆನ್ನೊ.
ಹೆಸರು ಹೇಳಿದೆ.

ಏಪ್ರಿಲ್. ನೆಡುವ ದಿನ. ದರೆ ಜಾರುತ್ತಿದೆ.
ಅದೇ ಹಳೆಯ ಹಗ್ಗ ನನ್ನ ಸೊಂಟಕ್ಕೆ ಬಿಗಿದು
ಗೇಟಿನ ಕಂಬಕ್ಕೆ ಎರಡು ಸುತ್ತು ಸುತ್ತಿ
ಒಳ್ಳೆಯ ಕಾಲನ್ನು ಊರಿ ಅವನು ಬಿಡುತ್ತಾನೆ,
ಇಷ್ಟಿಷ್ಟೇ, ಯಂತ್ರಕ್ಕೂ ಇಷ್ಟು ಜೋಪಾನವಿರಲಿಲ್ಲ.
"ಸಾಕಾ?"
"ಇನ್ನೊಂದು ಮೊಳ!"
ಹದಿನೇಳನೆಯ ಮರುಗ ಊರುವಾಗ
ಹಗ್ಗ ಬಿಗಿಯಾಗಿಯೇ ಇದೆ, ಮೇಲಿಂದ ಮಾತಿಲ್ಲ.
ಕತ್ತೆತ್ತಿದರೆ ಕಂಬಕ್ಕೊಂದು ಗಂಟು.
ಕೆಟಲ್ ಇಡಲು ಹೋಗಿದ್ದಾನೆ ಪುಣ್ಯಾತ್ಮ
ನನ್ನನ್ನು ಮೇಕೆಯಂತೆ ಕಟ್ಟಿಹಾಕಿ.

ಕೂಗಬಹುದಿತ್ತು.
ಅಂಗೈ ಮೂಸಿದೆ.
ಎದುರಿಗೆ ಬಿಟ್ಟುಹೋದ ಗಣಿಯ ಬೂದು ಮೆಟ್ಟಿಲುಗಳು,
ಅದರಾಚೆ ಸಮುದ್ರ, ಉಗುರಿನ ಅಂಚಿನಷ್ಟು.
ಇಷ್ಟು ವರ್ಷ ಕೆಳಗೆ ನಿಂತೇ ಕೂಗಿದವಳು ನಾನು,
ನಡು ದರೆಯಿಂದ ಒಮ್ಮೆಯೂ ನೋಡಿರಲಿಲ್ಲ.
ಟ್ರೇಯಲ್ಲಿ ಇನ್ನೂ ನಾಲ್ಕು ಕೌಸ್ಲಿಪ್.