ಸವಣೂರಿನಲ್ಲಿ ಶಿಕ್ಕಾ ಹೊಡೆಯುವ ದಿನ

ವರ್ಷಕ್ಕೊಮ್ಮೆ ಬರುತ್ತೇನೆ ಈ ಊರಿಗೆ,
ಚೀಲದಲ್ಲಿ ಸುತ್ತಿಗೆ, ಉಕ್ಕಿನ ಅಚ್ಚು,
ರಸೀದಿ ಪುಸ್ತಕ, ಒಂದು ಟೇಪು.
ತೂಕ ಮತ್ತು ಅಳತೆ ಇಲಾಖೆ.
ಇಲ್ಲಿ ನನ್ನ ಹೆಸರು ಯಾರಿಗೂ ಬೇಡ;
'ಶಿಕ್ಕಾ ಬಾಯಾರು ಬಂದ್ರು' ಅನ್ನುತ್ತಾರೆ, ಅಷ್ಟೆ.

ಅಗಸಿಯ ಕಮಾನಿನ ಕೆಳಗೆ ಟೇಬಲ್ ಹಾಕಿಸಿ ಕೂತೆ.
ಮೇಲೆ ನವಾಬರ ಕಾಲದ ಗಾರೆ,
ಆಗಾಗ ಹೆಗಲಿಗೆ ಅದರ ಪುಡಿ.
ಸಾಲುಗಟ್ಟಿದವು ಕಲ್ಲುಗಳು:
ಬೆಳ್ಳುಳ್ಳಿಯವಳ ಒಂದು ಕಿಲೋ,
ಮೊಳೆ ಅಂಗಡಿಯ ಐದು,
ಖಾರದ ಭಟ್ಟಿಯಿಂದ ಜಿಡ್ಡು ಹಿಡಿದ ಕಾಲು ಕಿಲೋ.
ಎಣ್ಣೆ ಕುಡಿದು ಕುಡಿದು ದಪ್ಪಗಾಗಿತ್ತು ಅದು.
'ಗಿರಾಕಿಗೇ ಲಾಭರೀ' ಅಂದ ಕೊಪ್ಪರದ ರುದ್ರಪ್ಪ.
ತೊಳೆದುಕೊಂಡು ಬಾ, ಅಂದೆ.

ಕಲ್ಲು ಬೋರಲು ಹಾಕಿ
ಹೊಟ್ಟೆಯ ಸೀಸದ ಮೇಲೆ ಅಚ್ಚಿಟ್ಟು
ಒಂದೇ ಏಟು.
ಹೋದ ವರ್ಷದ ಗುರುತು ಹೊಸದಕ್ಕೆ
ಒಂಚೂರು ಸರಿದು ಜಾಗ ಕೊಡುತ್ತದೆ,
ಬಸ್ಸಿನಲ್ಲಿ ಮುದುಕಿಯರು ಕೊಡುವ ಹಾಗೆ.

ಎಲಿಗಾರ ಹಜರೇಸಾಬ ಬರಿಗೈಲಿ ಬಂದ.
ಎರಡೂ ಕೈ ಟೇಬಲ್ ಮೇಲಿಟ್ಟು
'ನಮ್ದು ಎಣಿಕಿ ವ್ಯಾಪಾರ, ಬಾಯಾರ.
ಹೊಡೀರಿ ಇದಕ್ಕ.'
ಬೆರಳ ತುದಿ ಹಸಿರು, ಉಗುರೊಳಗೆ ತೋಟದ ಮಣ್ಣು.
ನೂರು ಅನ್ನುವಷ್ಟರಲ್ಲಿ
ನೂರಾ ಎರಡು ಎಲೆ ಬಿದ್ದಿರುತ್ತವೆ ಆ ಕೈಯಿಂದ,
ಹರಿದವುಗಳ ಲೆಕ್ಕಕ್ಕೆ.
ಸುತ್ತಿಗೆ ಎತ್ತಿದೆ. ಹೆದರಲಿಲ್ಲ ಅವನು.

ಶಟರ್ ಇಳಿಯುವ ಹೊತ್ತಿಗೆ
ಶೇಂಗಾ ಮಾರುವ ಫಕ್ಕೀರವ್ವ
ಸೊಂಟದ ಮೇಲೆ ಕೂಸಿನ ಹಾಗೆ ತಂದಳು
ಒಂದು ಕರಿ ಗುಂಡು.
ಮೇಲೆ ಸವೆದ ಗೀರು: ಉರ್ದುವೋ, ಮೋಡಿಯೋ,
ನೇಗಿಲು ತಾಗಿದ್ದೋ.
'ಐದ ಸೇರ ಅಂತಿದ್ಲು ನಮ್ಮತ್ತಿ.'

ಸೇರು ಎಂಬುದು ಈಗ ಇಲ್ಲ.
ನಾನು ಹುಟ್ಟುವ ಮೊದಲೇ ತೆಗೆದು ಹಾಕಿದ್ದಾರೆ.
ಜಪ್ತಿ ಮಾಡಬೇಕು, ಮಾಡಿದೆ.
ರಸೀದಿಯಲ್ಲಿ ಬರೆದೆ: ಕಲ್ಲು, ಒಂದು.
ಮುಂದಿನ ಕಾಲಮ್ಮಿಗೆ ಕೈ ಹೋಗಲಿಲ್ಲ.
ಅವಳು ರಸೀದಿ ಮಡಚಿ ಕುಪ್ಪಸದೊಳಗಿಟ್ಟು
ಬೊಗಸೆ ಶೇಂಗಾ ಸುರಿದಳು ನನ್ನ ಸೆರಗಿಗೆ,
ಇನ್ನು ಯಾತರಲ್ಲಿ ತೂಗಲಿ, ಅಂತ.

ಬಸ್ಸಿಗಿನ್ನೂ ಎರಡು ತಾಸು.
ಊರ ಹೊರಗೆ ಎರಿ ಹೊಲ, ಒಡೆದ ಹತ್ತಿ.
ಎಲಿತೋಟದೊಳಕ್ಕೆ ಚಪ್ಪಲಿ ಬಿಟ್ಟು ಹೋಗಬೇಕು;
ಹೋದೆ. ಚೊಗಚಿಗೆ ಹಬ್ಬಿದ ಬಳ್ಳಿ,
ಹಿಮ್ಮಡಿ ಮುಳುಗುವಷ್ಟು ನೀರು,
ಮಧ್ಯಾಹ್ನವನ್ನು ಯಾರೋ ತೊಳೆದಿಟ್ಟಂತೆ ತಂಪು.

ಆಮೇಲೆ ಮಠದ ಹತ್ತಿರದ ಆ ಮೂರು ಮರ.
ಹೆಸರಿಗೆ ದೊಡ್ಡ ಹುಣಸೆ, ಹುಣಸೆಯಲ್ಲ.
ಕಡಲಾಚೆಯಿಂದ ಬಂದು
ಕಣಜದ ಹೊಟ್ಟೆ ಬೆಳೆಸಿಕೊಂಡು ನಿಂತವು.
ಯಾರೂ ಇಲ್ಲವೆಂದು ಟೇಪು ತೆಗೆದೆ,
ತುದಿಯನ್ನು ಸುಕ್ಕೊಂದಕ್ಕೆ ಸಿಕ್ಕಿಸಿ ಸುತ್ತು ಹೊರಟೆ.
ಟೇಪು ಮುಗಿಯಿತು. ಮರ ಇನ್ನೂ ಇತ್ತು.

ಎಮ್ಮೆ ಹೊಡೆದುಕೊಂಡು ಹೊರಟ ಹುಡುಗ ನಿಂತು ನೋಡಿದ.
'ನಾವು ಎಂಟ ಮಂದಿ ಹಿಡದಿದ್ವಿ.
ಅದ್ರಾಗ ಇಬ್ರು ಸಣ್ಣಾವ್ರು.'
ಡೈರಿಯಲ್ಲಿ ಹಾಗೇ ಬರೆದುಕೊಂಡೆ.

ಹಾವೇರಿ ಬಸ್ಸು. ನನಗೆ ಶೂನ್ಯದ ಟಿಕೇಟು.
ಕಂಡಕ್ಟರು ಕಾಲಡಿಯ ಚೀಲ ಮುಟ್ಟಿ ನೋಡಿ
'ಏನದು? ಎಷ್ಟ ಕೇಜಿ ಐತಿ?' ಅಂದ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ
ಗೊತ್ತಿಲ್ಲ, ಅಂದೆ.

ಅವನು ಬಗ್ಗಿ ಒಂದೇ ಕೈಲಿ ಎತ್ತಿದ,
ಅರೆಗಳಿಗೆ ಕಣ್ಣು ಮುಚ್ಚಿದ,
ಇಳಿಸಿದ.
'ಇರ್ಲಿ ಬಿಡ್ರಿ' ಅಂದು
ನನ್ನ ಸೆರಗಿನಿಂದ ನಾಲ್ಕು ಶೇಂಗಾ ತಗೊಂಡು
ಹಿಂದಿನ ಸೀಟಿಗೆ ಹೋದ.