ವಾಟರ್ ಪೇಪರ್

ಅವನ ಬಲಗೈ ಮುರಿದ ಮೂರನೇ ವಾರ
ಗೋಣಿಚೀಲದಲ್ಲಿ ಸುತ್ತಿಕೊಂಡು ಮನೆಗೆ ಬಂತು
ಅಕ್ಕಿಗಿರಣಿ ವಿರೂಪಣ್ಣನ ಹಳೇ ಕಾರಿನ ಟ್ಯಾಪೆಟ್ ಕವರು,
ಜೊತೆಗೆ ಗಾಳಿ ಎಳೆದುಕೊಳ್ಳುವ ಒಂದು ಕೊಳವೆ.
ಎರಡೂ ಕಪ್ಪಗೆ, ಮಂಡಕ್ಕಿ ಭಟ್ಟಿಯ ಒಳಗೋಡೆ ಥರ.
"ನೀನೇ ತಿಕ್ಕು" ಅಂದ ಕೊಟ್ರೇಶಿ,
ಪಟ್ಟಿ ಕಟ್ಟಿದ ಕೈ ಎದೆಗಾನಿಸಿ,
ಸಾಲ ಕೇಳುವವನ ದನಿಯಲ್ಲಿ.

ತಿಕ್ಕುವುದು ನನಗೇನು ಹೊಸದೇ?
ಹುಣಸೆಹಣ್ಣು ತಂದೆ. ನಕ್ಕ.
"ನಿಮ್ಮವ್ವನ ತಾಮ್ರದ ಹಂಡೆ ಅಂದ್ಕೊಂಡೆಯಾ?
ಹುಳಿ ಬಿದ್ದರೆ ಅಲ್ಯೂಮಿನಿಯಂ ಮುಖ ಕಪ್ಪಿಡುತ್ತೆ."

ಮೊದಲು ಸೀಮೆಎಣ್ಣೆ, ಸವೆದ ಹಲ್ಲುಜ್ಜೋ ಬ್ರಷ್ಷು.
ಸಂದಿಯಿಂದ ಎದ್ದು ಬಂತು ಯಾವ್ಯಾವ ದಾರಿಯ ಧೂಳೋ,
ಹರಪನಹಳ್ಳಿ ಕಡೆಯದು ಕೆಂಪು, ಜಗಳೂರಿನದು ಬಿಳಿ,
ಉಳಿದದ್ದಕ್ಕೆ ಬಣ್ಣವೇ ಇಲ್ಲ.

ನೂರಿಪ್ಪತ್ತರ ಕಾಗದಕ್ಕೆ ಬೆಕ್ಕಿನ ನಾಲಗೆ.
ಉದ್ದುದ್ದ ತಿಕ್ಕಿದರೆ ಉದ್ದುದ್ದ ಗೀರು.
ಇನ್ನೂರಿಪ್ಪತ್ತಕ್ಕೆ ಅಡ್ಡಡ್ಡ ತಿಕ್ಕಬೇಕಂತೆ
ಉದ್ದದ ಗೀರು ಒಂದೂ ಉಳಿಯದ ತನಕ.
ನಾನೂರಕ್ಕೆ ಮತ್ತೆ ಉದ್ದ, ಎಂಟುನೂರಕ್ಕೆ ಮತ್ತೆ ಅಡ್ಡ,
ಬಕೀಟಿನ ಸೋಪುನೀರಲ್ಲಿ ಅದ್ದಿ ಅದ್ದಿ.
"ಹಂಗಾದ್ರೆ ಹೊಳಪು ಎಲ್ಲಿಂದ ಬರುತ್ತೆ?"
"ಎಲ್ಲಿಂದಲೂ ಬರಲ್ಲ.
ಗೀರು ಸಣ್ಣ ಆಗ್ತಾ ಆಗ್ತಾ
ಒಂದಿನ ಕಣ್ಣಿಗೆ ಸಿಗಲ್ಲ. ಅಷ್ಟೇ."
ಹನ್ನೊಂದು ವರ್ಷದ ಸಂಸಾರದಲ್ಲಿ
ಅವನು ಕೂತು ನನಗೆ ಏನನ್ನಾದರೂ ವಿವರಿಸಿದ್ದು
ಅದೇ ಮೊದಲು.

ಒರೆಸಲಿಕ್ಕೆ ಒಂದು ಮುದ್ದೆ ಹತ್ತಿ ವೇಸ್ಟು.
ಮುಟ್ಟಿದ ಕೂಡಲೇ ಬೆರಳಿಗೆ ಗೊತ್ತಾಯಿತು.
ಅಪ್ಪ ಮಿಲ್ಲಿನಿಂದ ಬರುವಾಗ
ಅವನ ಹುಬ್ಬಿನ ಮೇಲೆ ಕೂತು ಬರುತ್ತಿದ್ದದ್ದು ಇದೇ ನೂಲು.
ಮೂರನೇ ಪಾಳಿ ಮುಗಿಸಿ, ಹೊಸ್ತಿಲಾಚೆ ನಿಂತು
ನಾಯಿಯ ಹಾಗೆ ತಲೆ ಕೊಡವುತ್ತಿದ್ದ; ನಾವು ನಗುತ್ತಿದ್ದೆವು.
ಚಿಮಣಿ ಈಗ ಬರೀ ಗುರುತಿಗೆ.
"ಚಿಮಣಿ ಹತ್ರ ಇಳಿಸಪ್ಪ" ಅಂತೀವಿ ಆಟೋದವನಿಗೆ.
ವೇಸ್ಟು ಮಾತ್ರ ಎಲ್ಲಿಂದಲೋ ಬರುತ್ತದೆ, ಕೇಜಿಗೆ ಅರವತ್ತು.

ಕೊಳವೆಯ ಒಳಗೂ ಬೆರಳು ಹಾಕಿದೆ, ಕನ್ನಡಿ ಮಾಡಿಬಿಡೋಣ ಅಂತ.
ಅವನು ಎಡಗೈಲಿ ನನ್ನ ಮಣಿಕಟ್ಟು ಹಿಡಿದ.
"ಒಳಗೆ ನೂರಿಪ್ಪತ್ತಕ್ಕೇ ನಿಲ್ಲಿಸು.
ತೀರಾ ನುಣುಪಾದರೆ ಪೆಟ್ರೋಲು ಗಾಳಿಗೆ ಬೆರೆಯಲ್ಲ,
ಗೋಡೆ ಹಿಡ್ಕೊಂಡು ಸುಮ್ಮನೆ ಇಳೀತದೆ.
ಅಲ್ಲಿ ಒಂಚೂರು ಒರಟಿರಬೇಕು."
ಹೇಳಿ ಮುಗಿದ ಮೇಲೂ ಕೈ ಅಲ್ಲೇ ಇತ್ತು.
ನಾನೂ ಬಿಡಿಸಿಕೊಳ್ಳಲಿಲ್ಲ.
ಆ ಅಂಗೈ, ಅಂದಾಜು ಇನ್ನೂರಿಪ್ಪತ್ತು.

ಕವರಿನ ಮೂಲೆಯಲ್ಲೊಂದು ಸೂಜಿಮೊನೆಯಷ್ಟು ತೂತು,
ಎರಕ ಹೊಯ್ದ ದಿನ ಹೊರಬರಲಾರದೆ ಉಳಿದ ಗಾಳಿಗುಳ್ಳೆ.
ತಿಕ್ಕಿದಷ್ಟೂ ಬಾಯಿ ಅಗಲ ಮಾಡಿತು.
ಸಾಕು ಅಂತ ಬಿಟ್ಟೆ.

ಒಂಬತ್ತನೇ ದಿನ ವಿರೂಪಣ್ಣ ಬಂದ.
ಕವರು ಎತ್ತಿ ಹಿಡಿದು ಅದರಲ್ಲೇ ಮೀಸೆ ನೋಡಿಕೊಂಡ,
ತೂತು ಕಾಣಲಿಲ್ಲ ಅವನಿಗೆ, ಅಥವಾ ಕಂಡೂ ಸುಮ್ಮನಿದ್ದ.
ನೋಟು ಎಣಿಸಿ ಕೊಟ್ರೇಶಿಯ ಕಡೆ ಚಾಚಿದ.
ಅವನು ಎಡಗೈ ನೀಡಿದ.
ಎಡಗೈಗೆ ಹೆಂಗೆ ಕೊಡೋದು ಅಂತ
ವಿರೂಪಣ್ಣ ಒಂದು ಗಳಿಗೆ ತಡವರಿಸಿ
ನನ್ನ ಕೈಗಿಟ್ಟ.

ಸಂಜೆ ಶೆಡ್ಡಿನಲ್ಲಿ ಹುಡುಗರು ಬೋಲ್ಟು ಬಿಗಿದರು,
ಬಾನೆಟ್ಟು ಬಿತ್ತು, ಟಪ್ ಅಂತ.
ಒಂಬತ್ತು ದಿನದ ಬೆಳಕು ಕತ್ತಲೊಳಗೆ ಹೋಯಿತು,
ಎಣ್ಣೆ, ಬಿಸಿ, ಬೆಲ್ಟಿನ ಸದ್ದಿನ ಪಕ್ಕಕ್ಕೆ.

ರಾತ್ರಿ ರೊಟ್ಟಿ ತಟ್ಟಿದೆ.
ಉಗುರ ಸಂದಿ ಇನ್ನೂ ಕಪ್ಪು.
"ಸೀಮೆಎಣ್ಣೆ ವಾಸನೆ" ಅಂದ ಕೊಟ್ರೇಶಿ,
ಎಡಗೈಲಿ ಮುರಿಯಲು ಒದ್ದಾಡುತ್ತಾ.
ಇನ್ನೊಂದು ಹಾಕು ಅಂದ.