ತೋಳಿನ ತಿರುವು

ಮೊದಲು ಬಂದದ್ದು ಜಗಳಕ್ಕೆ.
“ಲೋಕಯ್ಯಣ್ಣ, ಒಂದರ್ಧ ಗಂಟೆ ಮೆಷಿನ್ ನಿಲ್ಲಿಸುತ್ತೀರಾ,
ರೆಕಾರ್ಡಿಂಗ್ ಉಂಟು.”
ಬೋಳಾರದಲ್ಲಿ ಇಪ್ಪತ್ತೆರಡು ವರ್ಷ ಈ ಪೆಡಲು ತುಳಿದವ ನಾನು.
ಮೇಲಿನ ಕೋಣೆಗೆ ಮೊನ್ನೆ ಬಂದವಳು ಅವಳು,
ಡೆಲ್ಫಿನ್ ಮೊಂತೇರೊ,
ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿಕೊಂಡು
ಕೋಳಿಯಿಲ್ಲದ ಗೂಡಿನಲ್ಲಿ ಕೂತವಳು.
ಆಗುವುದಿಲ್ಲ ಅಂದೆ.
ಮದುವೆಯ ಸೀಸನ್ನು ಮಾರಾಯ್ತಿ, ಹದಿನಾಲ್ಕು ರವಿಕೆ ಬಾಕಿ.

ರಾತ್ರಿ ಮುಚ್ಚಿಗೆಯ ಹಲಗೆ ಸಂದಿಯಿಂದ ಇಳಿಯುತ್ತಿತ್ತು
ಅವಳೊಬ್ಬಳದೇ ಹಾಡು:
ಗಿಟಾರಿನ ಒಂದು ತಂತಿ, ಅಜ್ಜನ ಗುಮಟೆ,
ಲ್ಯಾಪ್‌ಟಾಪಿನೊಳಗೆ ಧಕ್ಕೆಯ ಬೋಟು ಸ್ಟಾರ್ಟ್ ಆಗುವ ಕೆಮ್ಮು,
ಅದರ ಮೇಲೆ ಕೊಂಕಣಿಯಲ್ಲಿ ಏನೋ,
ಪ್ರಾರ್ಥನೆಯೋ ಮೀನಿನ ಲೆಕ್ಕವೋ.
ತಿಳಿಯಲಿಲ್ಲ. ಕಾಜಾ ಹಾಕುತ್ತಾ ಕೇಳಿದೆ.
ಒಂದು ಕಾಜಾ ದೊಡ್ಡದಾಯಿತು.

ಆಮೇಲೆ ಮರದ ಮೆಟ್ಟಿಲು ಹತ್ತತೊಡಗಿದರು ಜನ.
ನಾಗಸ್ವರದ ಕೊಗ್ಗು ಶೇರಿಗಾರರು, ಪ್ರತಿ ಮೆಟ್ಟಿಲಿಗೂ ಒಂದು ಶಾಪ ಹಾಕಿ;
ಕುದ್ರೋಳಿಯ ದಫ್ ಹುಡುಗರು ಮೂವರು,
ಚಪ್ಪಲಿ ನನ್ನ ಅಂಗಡಿಯಲ್ಲೇ ಬಿಟ್ಟು;
ಕಿನ್ನಿಗೋಳಿ ಕಡೆಯಿಂದ ಗಿರಿಯಕ್ಕ, ನೇಜಿ ನೆಡುವ ಹಾಡಿನವರು.
ಅವರು ನಡುವೆ ನಿಲ್ಲಿಸಿ ಅಂದದ್ದು ಕೆಳಗೂ ಕೇಳಿತು:
“ನಿನ್ನ ಟಿಕ್ ಟಿಕ್ ತೆಗಿ ಮಗಾ,
ಕೆಸರಿನಿಂದ ಕಾಲು ಎತ್ತುವಷ್ಟು ಹೊತ್ತು ಬೇಕು ನನಗೆ.”
ತೆಗೆದಳಂತೆ. ಮೂರು ದಿನದ ಕೆಲಸ ಅಳಿಸಿದಳಂತೆ.
ಹುಡುಗರ ದಫ್ಫು ಆ ಕಾಲಿಗಾಗಿ ಕಾಯಲು ಕಲಿಯಿತು.

ಚಾ ಕುಡಿಯುವಾಗ ಒಮ್ಮೆ ಕೇಳಿದೆ:
ಇಷ್ಟೆಲ್ಲ ಜೋಡಿಸುತ್ತಿ, ಹೊಲಿಗೆ ಕಾಣುತ್ತದಲ್ಲ?
ನಮ್ಮಲ್ಲಿ ಹೊಲಿಗೆ ಕಂಡರೆ ಕೆಲಸ ಕೆಟ್ಟಿತು ಅಂತ ಲೆಕ್ಕ.
ಗ್ಲಾಸಿನ ತಳದ ಸಕ್ಕರೆ ತಿರುಗಿಸುತ್ತಾ ಅಂದಳು,
“ನನ್ನದು ಒಳಮಗ್ಗುಲು ಹೊರಗೆ ಮಾಡಿ ಹಾಕುವ ಅಂಗಿ.”
ಹುಚ್ಚು, ಅಂದುಕೊಂಡೆ.
ಆದರೂ ಬಾಗಿಲು ಹಾಕುವ ಮೊದಲು
ಹೊಲಿದದ್ದನ್ನೆಲ್ಲ ತಿರುವಿ ನೋಡಿದೆ:
ಗಂಟು, ಬಾಲ, ನೂಲು ಸಾಲದೆ
ಬೇರೆ ಬಣ್ಣ ಸೇರಿಸಿದ ಜಾಗ.

ಕರೆಂಟು ಹೋದ ಒಂದು ಮಧ್ಯಾಹ್ನ ಇಳಿದು ಬಂದು
ಬ್ಯಾಟರಿಯ ರೆಕಾರ್ಡರು ಇಟ್ಟಳು ಪೆಡಲಿನ ಬಳಿ,
ಹೆದರಿದ ನಾಯಿಗೆ ಅನ್ನ ಇಡುವ ಹಾಗೆ.
“ನೂಲಿಲ್ಲದೆ ಸುಮ್ಮನೆ ಓಡಿಸಿ.”
ಓಡಿಸಿದೆ. ತಲೆ ಅಲ್ಲಾಡಿಸಿದಳು. ಸುಳ್ಳು ಕೇಳುತ್ತದಂತೆ.
ಸರಿ, ಸುಗುಣಾ ಟೀಚರ ನೀಲಿ ರವಿಕೆ ತೆಗೆದೆ.
ನೂಲು ಪೋಣಿಸಿದೆ. ಬೆನ್ನು, ಪಕ್ಕೆ, ಎಡದ ತೋಳು.
ತೋಳು ಕೂರಿಸುವಾಗ ತಿರುವಿನಲ್ಲಿ
ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.
ನನಗೇ ಗೊತ್ತಿರಲಿಲ್ಲ.
“ಅದು,” ಅಂದಳು. “ಅದೇ.”

ವೆಲೆನ್ಸಿಯಾದ ಸಣ್ಣ ಸಭಾಂಗಣ, ಮೂವತ್ತೊಂದು ಜನ, ನಾನೂ ಸೇರಿ.
ಮುಗಿದ ಮೇಲೆ ಒಬ್ಬರು ಎದ್ದು, ಮರ್ಯಾದೆಯಿಂದಲೇ,
ಇದು ಯಾವ ಜಾತಿಯ ಸಂಗೀತ ಅಂತ ಕೇಳಿದರು.
ಕುರ್ಚಿಗಳು ಕಿರುಗುಟ್ಟಿದವು.
ಕೊಗ್ಗು ಶೇರಿಗಾರರು ತುಟಿ ಒರೆಸಿಕೊಂಡು,
“ಮಿಶ್ರಜಾತಿ. ಎಣಿಸಿ ನೋಡಿ, ಏಳು” ಅಂದರು.
ಪುಣ್ಯಾತ್ಮ ನಿಜಕ್ಕೂ ಬೆರಳು ಮಡಚಿ ಎಣಿಸಿದ.

ವರ್ಷಕ್ಕೆ ಬಂದ ದುಡ್ಡು ಎಲ್ಲರಿಗೂ ಸಮಪಾಲು,
ನನಗೆ ಹನ್ನೊಂದು ರೂಪಾಯಿ.
ಲಕೋಟೆಯಲ್ಲಿ ಹಾಕಿ, ಮೇಲೆ ನನ್ನ ಹೆಸರು ಬರೆದು ಕೊಟ್ಟಳು.
ಜೊತೆಗೆ ತಂದ ಗೋಳಿಬಜೆಗೇ ನಲವತ್ತು ಆಗಿರಬೇಕು.

ನಿನ್ನೆ ಸುಗುಣಾ ಟೀಚರು ಬಂದಿದ್ದರು, ಅದೇ ನೀಲಿ ಹಿಡಿದುಕೊಂಡು.
“ದಪ್ಪ ಆಗಿದ್ದೇನೆ ಲೋಕಯ್ಯಣ್ಣ, ಎಡದ ತೋಳು ಬಿಗಿ,
ಒಂದು ಬೆರಳಷ್ಟು ಬಿಡಿಸಿ ಕೊಡಿ.”
ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಾ ಕೂತೆ.
ಮೇಲೆ, ಹಲಗೆಯ ಆಚೆ, ಹೊಸದೇನಕ್ಕೋ ಸೇರಿಸಲು
ಆ ತೋಳನ್ನು ಅವಳು
ಮತ್ತೆ ಮತ್ತೆ ಹೊಲಿಸುತ್ತಿದ್ದಳು ನನ್ನಿಂದ.